ಕೆಮ್ಮಣ್ಣುಗುಂಡಿಯಲ್ಲಿ ಬೆಟ್ಟದ ಮೇಲೆಯೇ ಉಳಿಯುವುದು ಹೇಗೆ: ರೂಮ್ ಬುಕಿಂಗ್‌ನಿಂದ ಘಾಟಿ ಇಳಿಯುವ ತನಕ

ಮೊದಲ ಸಲ ಕೆಮ್ಮಣ್ಣುಗುಂಡಿಗೆ ಅಂತ ರೂಮ್ ಬುಕ್ ಮಾಡಿದಾಗ ನಾವು ಉಳಿದದ್ದು ಕೆಮ್ಮಣ್ಣುಗುಂಡಿಯಲ್ಲೇ ಅಲ್ಲ. ಜಾಹೀರಾತಿನಲ್ಲಿ ಬೆಟ್ಟದ ವ್ಯೂ ಇದೆ ಅಂತ ಬರೆದಿದ್ದರು. ಇತ್ತು, ಸುಳ್ಳು ಹೇಳಿರಲಿಲ್ಲ. ತಲೆ ಎತ್ತಿ ನೋಡಿದರೆ ಬೆಟ್ಟ ಕಾಣುತ್ತಿತ್ತು! ರೆಸಾರ್ಟ್ ಇದ್ದದ್ದು ಘಾಟಿಯ ಬುಡದಲ್ಲಿ, ಅಡಿಕೆ ತೋಟದ ಪಕ್ಕ. ಬೆಳಗ್ಗೆ ಎದ್ದು, ಮಕ್ಕಳನ್ನು ಎಬ್ಬಿಸಿ, ತಿರುವುಗಳನ್ನೆಲ್ಲ ದಾಟಿ ಮೇಲೆ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಮೇಲೆ ಉಳಿದಿದ್ದವರು ಎಲ್ಲ ನೋಡಿ ಮುಗಿಸಿ, ತಿಂಡಿ ತಿಂದು ಕೈ ತೊಳೆಯುತ್ತಿದ್ದರು.

ಅವತ್ತಿನಿಂದ ನನ್ನ ಲೆಕ್ಕ ಒಂದೇ. ಬೆಟ್ಟದ ಮೇಲಿನ ರೂಮಿಗೆ ನಾವು ದುಡ್ಡು ಕೊಡುವುದು ಎರಡು ಹೊತ್ತಿಗಾಗಿ. ಸಂಜೆ ಕೊನೆಯ ಪ್ರವಾಸಿ ಗಾಡಿ ಇಳಿದ ಮೇಲಿನ ಹೊತ್ತು ಒಂದು. ಬೆಳಗ್ಗೆ ಮೊದಲ ಗಾಡಿ ಹತ್ತುವ ಮುಂಚಿನ ಹೊತ್ತು ಇನ್ನೊಂದು. ಮಧ್ಯಾಹ್ನದ ಬೆಟ್ಟ ಬಂದುಹೋಗುವವರಿಗೂ ಸಿಗುತ್ತದೆ, ಅದಕ್ಕೆ ರೂಮ್ ಬೇಕಿಲ್ಲ. ಹಾಗಾಗಿ ಕೆಳಗೆ ಹೇಳಿರುವ ಬುಕಿಂಗ್, ಊಟ, ಬಟ್ಟೆ, ನಿದ್ದೆ ಎಲ್ಲವೂ ಆ ಎರಡು ಹೊತ್ತು ಕೈತಪ್ಪದ ಹಾಗೆ ನೋಡಿಕೊಳ್ಳುವ ಉಪಾಯಗಳೇ.

ಜಾಗದ ಬಗ್ಗೆ ಎರಡು ಮಾತು. ಕೆಮ್ಮಣ್ಣುಗುಂಡಿ ಇರುವುದು ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನಲ್ಲಿ, ಬಾಬಾಬುಡನ್‌ಗಿರಿ ಸಾಲಿನ ಮೇಲೆ. ಎತ್ತರ ಸುಮಾರು 1,434 ಮೀಟರ್. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ಜಾಗ ಇದು. ಅದಕ್ಕೇ ಕೃಷ್ಣರಾಜೇಂದ್ರ ಗಿರಿಧಾಮ ಅನ್ನುವ ಹೆಸರು. ಈಗ ತೋಟಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ. ಊರಿನ ಹೆಸರು ಸುಮ್ನೆ ಬಂದದ್ದಲ್ಲ. ಇಲ್ಲಿನ ಮಣ್ಣಲ್ಲಿ ಕಬ್ಬಿಣದ ಅದಿರಿದೆ. ಭದ್ರಾವತಿಯ ಕಾರ್ಖಾನೆಗೆ ಇಲ್ಲಿಂದ ರೋಪ್‌ವೇಯಲ್ಲಿ ಅದಿರು ಇಳಿಸುತ್ತಿದ್ದ ಕಾಲವೊಂದಿತ್ತು. ಬಿಳಿ ಶೂ ಹಾಕಿಕೊಂಡು ಹೋದರೆ ಒಂದೇ ದಿನಕ್ಕೆ ಈ ಹೆಸರಿನ ಅರ್ಥ ಗೊತ್ತಾಗುತ್ತದೆ.

1. ತಿಂಗಳು ಆರಿಸಿ, ಆಮೇಲೆ ವಾರ

ಮಂಜು ಬೇಕು ಅನ್ನುವವರು ಎರಡು ಥರದ ಮಂಜನ್ನು ಒಂದೇ ಅಂದುಕೊಂಡು ಮೋಸ ಹೋಗುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನೀವು ಮೋಡದ ಒಳಗೇ ಇರುತ್ತೀರಿ. ಹತ್ತು ಹೆಜ್ಜೆ ಆಚೆ ಇರುವ ಮರ ಕಾಣುವುದಿಲ್ಲ. ಜಡಿಮಳೆ ಹಿಡಿದರೆ ಮೂರು ದಿನವಾದರೂ ಬಿಡುವುದಿಲ್ಲ. ಕಿಟಕಿ ಪಕ್ಕ ಕೂತು ಮಳೆಯ ಸದ್ದು ಕೇಳುತ್ತಾ ಕಾಫಿ ಕುಡಿಯುವುದೇ ಸುಖ ಅನ್ನುವವರಿಗೆ ಇದು ಸರಿ. ನಾನೂ ಆ ಜಾತಿಯವನೇ. ಆದರೆ ಕಣಿವೆ ನೋಡಬೇಕು ಅಂತ ಜುಲೈನಲ್ಲಿ ಹೋದರೆ ಬಿಳಿ ಗೋಡೆ ನೋಡಿಕೊಂಡು ಬರಬೇಕಾಗುತ್ತದೆ.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಮಂಜು ಬೇರೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣಿಯುತ್ತದೆ. ತಣ್ಣನೆಯ ಗಾಳಿ ಭಾರ. ಅದು ಇಳಿಜಾರಿನಲ್ಲಿ ಜಾರಿ ಕಣಿವೆ ಸೇರಿ, ಅಲ್ಲೇ ಮಂಜಾಗಿ ಕಟ್ಟುತ್ತದೆ. ಬೆಳಗ್ಗೆ ಮೇಲೆ ನಿಂತರೆ ಕೆಳಗಿನ ಊರು, ಕೆರೆ, ತೋಟ ಎಲ್ಲ ಮುಳುಗಿ, ಗುಡ್ಡಗಳ ತಲೆ ಮಾತ್ರ ತೇಲುತ್ತಿರುತ್ತವೆ. ಫೋಟೋಗಳಲ್ಲಿ ನೋಡಿ ನೀವು ಆಸೆಪಟ್ಟದ್ದು ಇದನ್ನೇ. ಬಿಸಿಲು ಬಲಿಯುತ್ತಿದ್ದ ಹಾಗೆ ಅದು ಕರಗಿಹೋಗುತ್ತದೆ. ಕೆಳಗಿನಿಂದ ಗಾಡಿ ಓಡಿಸಿಕೊಂಡು ಬರುವವರಿಗೆ ಸಿಗದೇ ಹೋಗುವುದೂ ಇದೇ.

ಏಪ್ರಿಲ್, ಮೇ ತಿಂಗಳಲ್ಲಿ ಕೆಳಗಿನವರಿಗಿಂತ ನೀವು ತಂಪಾಗಿರುತ್ತೀರಿ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ಆದರೆ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು ಇರುತ್ತದೆ. ಬೋಳು ಗುಡ್ಡದ ನೆತ್ತಿಯ ಮೇಲೆ ಆ ಹೊತ್ತಿಗೆ ಇರಬಾರದು.

ಇನ್ನು ವಾರ. ಶನಿವಾರ ರಾತ್ರಿ ಬೇಡ. ಭಾನುವಾರ ಮಧ್ಯಾಹ್ನ ಹತ್ತಿ, ಮಂಗಳವಾರ ಇಳಿಯಿರಿ. ಎಲ್ಲರೂ ಇಳಿಯುವಾಗ ನೀವು ಹತ್ತುತ್ತಿರುತ್ತೀರಿ, ಆ ಖುಷಿಯೇ ಬೇರೆ. ಎರಡು ರಾತ್ರಿ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ, ಒಂದು ಬೆಳಗು ಏನೂ ಕಾಣದೆ ಹೋಗುವುದು ಸಾಮಾನ್ಯ. ಒಂದೇ ರಾತ್ರಿ ಇಟ್ಟುಕೊಂಡರೆ ಅದು ಲಾಟರಿ.

2. ರೂಮ್ ಬೆಟ್ಟದ ಮೇಲಿದೆಯಾ, ಬುಡದಲ್ಲಿದೆಯಾ?

ನಾನು ಎಡವಿದ್ದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಬೆಟ್ಟದ ನೆತ್ತಿಯ ಮೇಲೆ ಇರುವುದು ಮುಖ್ಯವಾಗಿ ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳು. ಹಳೆಯ ಕಟ್ಟಡ, ದೊಡ್ಡ ಕಿಟಕಿ, ಎದುರಿಗೆ ಹೂತೋಟ. ಐಷಾರಾಮ ಕೇಳಬೇಡಿ. ಖಾಸಗಿ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ಜಾಸ್ತಿ ಇರುವುದು ಲಿಂಗದಹಳ್ಳಿ, ಕಲ್ಲತ್ತಿಗಿರಿ, ಸಂತವೇರಿ ಕಡೆಯ ಇಳಿಜಾರು ಮತ್ತು ಕಾಫಿ ತೋಟಗಳಲ್ಲಿ. ಅವು ಕೆಟ್ಟವು ಅಂತಲ್ಲ. ಕೆಲವು ಕಡೆ ಊಟ ಮೇಲಿಗಿಂತ ಎಷ್ಟೋ ಚೆನ್ನಾಗಿರುತ್ತದೆ. ಆದರೆ ವಿಳಾಸದಲ್ಲಿ ‘ಕೆಮ್ಮಣ್ಣುಗುಂಡಿ’ ಅಂತ ಇದ್ದ ಮಾತ್ರಕ್ಕೆ ಮೇಲಿದೆ ಅಂತ ನಂಬಬೇಡಿ.

ಹೀಗೆ ಪರೀಕ್ಷೆ ಮಾಡಿ. ಫೋನಿನ ಮ್ಯಾಪ್‌ನಲ್ಲಿ ಆ ಜಾಗ ತೆರೆದು, ಅಲ್ಲಿಂದ ಕೆಮ್ಮಣ್ಣುಗುಂಡಿಯ ರಾಜಭವನಕ್ಕೆ (ಬೆಟ್ಟದ ಮೇಲಿರುವ ಅತಿಥಿಗೃಹ ಅದು) ದಾರಿ ಹಾಕಿ. ಐದು ನಿಮಿಷ ತೋರಿಸಿದರೆ ಸರಿ. ನಲವತ್ತು ನಿಮಿಷ ತೋರಿಸಿದರೆ ಬುಡದಲ್ಲಿದೆ ಅಂತಲೇ ಅರ್ಥ. ಎತ್ತರದ ಗೆರೆಗಳನ್ನು ತೋರಿಸುವ ಮ್ಯಾಪ್ ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಫೋನ್ ಮಾಡಿ. ಆ್ಯಪ್‌ನಲ್ಲಿ ಬುಕ್ ಮಾಡಿದರೂ ನೇರ ಅಲ್ಲಿರುವವರ ಹತ್ತಿರವೇ ಮಾತಾಡಿ. ನಾನು ಯಾವಾಗಲೂ ಕೇಳುವುದು ಇಷ್ಟು:

– ಬಿಸಿನೀರು ಸೋಲಾರ್‌ದಾ, ಗೀಸರ್‌ದಾ, ಹಂಡೆದಾ? (ಮೋಡ ಮುಚ್ಚಿದ ದಿನ ಸೋಲಾರ್‌ನಲ್ಲಿ ಬರುವುದು ತಣ್ಣೀರೇ. ಹಂಡೆ ನೀರು ಅಂದರೆ ನನಗೆ ಸಮಾಧಾನ.)
– ಕರೆಂಟ್ ಹೋದರೆ ಜನರೇಟರ್ ಇದೆಯಾ? ಎಷ್ಟು ಹೊತ್ತಿನ ತನಕ?
– ರಾತ್ರಿ ಊಟ ಎಷ್ಟು ಗಂಟೆಯ ತನಕ ಸಿಗುತ್ತದೆ, ಮೊದಲೇ ಹೇಳಬೇಕಾ?
– ಗಾಡಿ ರೂಮಿನ ತನಕ ಬರುತ್ತದಾ, ಮೆಟ್ಟಿಲು ಎಷ್ಟು? (ಮನೆಯಲ್ಲಿ ಹಿರಿಯರಿದ್ದರೆ ಇದನ್ನೇ ಮೊದಲು ಕೇಳಿ.)
– ಘಾಟಿಯಲ್ಲಿ ಗುಡ್ಡ ಜರಿದು ದಾರಿ ಬಂದ್ ಆದರೆ ದುಡ್ಡು ವಾಪಸ್ಸಾ, ಬೇರೆ ದಿನ ಕೊಡುತ್ತೀರಾ?

ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಆ ಜಾಗ ಹೇಗಿರುತ್ತದೆ ಅಂತ ಅರ್ಧ ಗೊತ್ತಾಗಿಬಿಡುತ್ತದೆ.

ರೂಮ್ ಕೇಳುವಾಗ ದಿಕ್ಕನ್ನೂ ಕೇಳಿ. ಕಣಿವೆ ಕಡೆ ಮುಖ ಮಾಡಿದ ರೂಮಿಗೂ ಪಾರ್ಕಿಂಗ್ ಕಡೆಯ ರೂಮಿಗೂ ಬಾಡಿಗೆ ಒಂದೇ ಇರುವುದುಂಟು. ಕೇಳಿದವರಿಗೆ ಕಣಿವೆ, ಕೇಳದವರಿಗೆ ಪಾರ್ಕಿಂಗ್.

3. ಚೀಲಕ್ಕೆ ಏನು ಹಾಕಬೇಕು

ಜೀನ್ಸ್ ಬೇಡ. ಒಮ್ಮೆ ನೆನೆದರೆ ಇಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ತೆಳ್ಳಗಿನ, ಬೇಗ ಒಣಗುವ ಬಟ್ಟೆ ಒಂದರ ಮೇಲೊಂದು ಹಾಕಿಕೊಳ್ಳಿ. ಮೇಲೊಂದು ಗಾಳಿ ತಡೆಯುವ ಜಾಕೆಟ್. ಕಿವಿ ಮುಚ್ಚುವ ಟೋಪಿ. ಸಾಕ್ಸ್ ಮಾತ್ರ ಲೆಕ್ಕಕ್ಕಿಂತ ಎರಡು ಜೊತೆ ಜಾಸ್ತಿ ಇರಲಿ. ಒಣ ಸಾಕ್ಸ್ ಒಂದು ಜೊತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬರೀ ಮಲಗುವುದಕ್ಕೆ ಅಂತ ಇಟ್ಟುಕೊಳ್ಳಿ. ಬೆಟ್ಟದ ರಾತ್ರಿಯಲ್ಲಿ ಅದಕ್ಕಿಂತ ದೊಡ್ಡ ಸುಖ ಇಲ್ಲ. ಬಿಚ್ಚಿಟ್ಟ ಶೂ ಒದ್ದೆಯಾಗಿದ್ದರೆ ಒಳಗೆ ಹಳೆ ಪೇಪರ್ ತುರುಕಿಡಿ, ಬೆಳಗ್ಗೆಗೆ ಅರ್ಧ ಒಣಗಿರುತ್ತದೆ.

ಟಾರ್ಚ್, ಫ್ಲಾಸ್ಕ್, ಪವರ್ ಬ್ಯಾಂಕ್. ಜೊತೆಗೆ ನಗದು. ನೆಟ್‌ವರ್ಕ್ ಇಲ್ಲದಾಗ ಕ್ಯೂಆರ್ ಕೋಡ್ ಬರೀ ಗೋಡೆಗೆ ಅಂಟಿಸಿದ ಚಿತ್ರ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ‘ಎರಡು ದಿನ ಫೋನ್ ಸಿಗದಿದ್ದರೆ ಗಾಬರಿ ಆಗಬೇಡಿ’ ಅಂತ ಮನೆಗೆ ಹೇಳಿಬಿಡಿ.

ತಿನ್ನುವುದಕ್ಕೆ ಚಕ್ಕುಲಿ, ಕೋಡುಬಳೆ, ಬಾಳೆಹಣ್ಣು ಇರಲಿ. ಚಿಪ್ಸ್ ಪ್ಯಾಕೆಟ್ ಮೇಲೆ ಹೋಗುವ ಹೊತ್ತಿಗೆ ಬಲೂನ್ ಹಾಗೆ ಊದಿಕೊಂಡಿದ್ದರೆ ಹೆದರಬೇಡಿ. ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿದೆ, ಅಷ್ಟೇ. ಅಲ್ಲಿ ನೀರು ಕುದಿಯುವುದೂ ಸುಮಾರು 95 ಡಿಗ್ರಿಗೇ. ಅನ್ನ ಸ್ವಲ್ಪ ಗಟ್ಟಿ ಇದೆ ಅಂತ ಅಡುಗೆಯವರ ಮೇಲೆ ರೇಗುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಎತ್ತರದಿಂದ ಉಸಿರು ಕಟ್ಟುತ್ತದಾ ಅಂತ ಕೆಲವರು ಕೇಳುತ್ತಾರೆ. ಲೇಹ್, ಲಡಾಖ್ ಕಡೆ ಕಾಡುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ಮೇಲೆ. ಇಲ್ಲಿ ಆ ಯೋಚನೆ ಬೇಡ. ಇಲ್ಲಿ ಕಾಡುವುದು ತಿರುವು. ಹೊಟ್ಟೆ ತುಂಬ ತಿಂದು ಹತ್ತಬೇಡಿ. ವಾಂತಿ ಮಾಡುವ ಮಕ್ಕಳಿಗೆ ಮೊಬೈಲ್ ಕೊಡದೆ ಮುಂದಿನ ರಸ್ತೆ ನೋಡುವುದಕ್ಕೆ ಹೇಳಿ.

4. ಹತ್ತುವ ದಿನ

ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು ದಾರಿಯಲ್ಲಿ ಬಂದು ಲಿಂಗದಹಳ್ಳಿಗೆ ತಿರುಗಿ. ಒಟ್ಟು 250 ಕಿ.ಮೀ. ಆಸುಪಾಸು. ರೈಲಿನವರು ಬೀರೂರಿನಲ್ಲೋ ತರೀಕೆರೆಯಲ್ಲೋ ಇಳಿದು ಲಿಂಗದಹಳ್ಳಿಗೆ ಬನ್ನಿ. ಅಲ್ಲಿಂದ ಮೇಲಕ್ಕೆ ಬಸ್ಸು ನಂಬಿಕೊಂಡು ಕೂರಬೇಡಿ. ಬಾಡಿಗೆ ಜೀಪನ್ನೋ ಕಾರನ್ನೋ ಮೊದಲೇ ಮಾತಾಡಿಕೊಳ್ಳುವುದು ವಾಸಿ.

ಪೆಟ್ರೋಲ್, ಔಷಧಿ, ಎಟಿಎಂ ಎಲ್ಲ ಕೆಳಗೇ ಮುಗಿಸಿ. ಮಧ್ಯಾಹ್ನ 3 ಗಂಟೆಯೊಳಗೆ ಘಾಟಿ ಶುರು ಮಾಡಿ. ಕತ್ತಲಲ್ಲಿ, ಮಂಜಲ್ಲಿ ಹತ್ತುವ ಶೋಕಿ ಬೇಡ. ದಾರಿ ಕಿರಿದು. ಕಡಿದಾದ ದಾರಿಯಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ಜಾಗ ಬಿಡಬೇಕು ಅನ್ನುವುದು ನಿಯಮ. ಆದರೆ ಎದುರಿಗೆ ಬರುವವರಿಗೆ ಅದು ಗೊತ್ತಿರುತ್ತದೆ ಅಂತ ಅಂದುಕೊಳ್ಳಬೇಡಿ. ತಿರುವಿನಲ್ಲಿ ಹಾರ್ನ್ ಮಾಡಿ. ಮಂಜು ಮುಚ್ಚಿದರೆ ಹೈ ಬೀಮ್ ಹಾಕಬೇಡಿ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್ ಹಾಕಿ, ರಸ್ತೆಯ ಅಂಚು ನೋಡಿಕೊಂಡು ನಿಧಾನವಾಗಿ ಹೋಗಿ.

5. ಮೊದಲ ಸಂಜೆ

ರೂಮಿಗೆ ಹೋದ ತಕ್ಷಣ ಮಾಡಬೇಕಾದ ಕೆಲಸ ಊಟ ಹೇಳುವುದು. ಮೇಲೆ ಬೀದಿಯಿಲ್ಲ, ರಾತ್ರಿ ತೆರೆದಿರುವ ಅಂಗಡಿಯಿಲ್ಲ. ಒಮ್ಮೆ ಅಡುಗೆಯವರು ನನ್ನನ್ನು ವರಾಂಡದಲ್ಲೇ ಹಿಡಿದು ನಿಲ್ಲಿಸಿದರು. “ಸಾರ್, ಎಷ್ಟು ಜನ ಊಟಕ್ಕೆ ಅಂತ ಈಗ್ಲೇ ಹೇಳ್ಬಿಡಿ. ಆಮೇಲೆ ಬಂದು ಹಸಿವು ಅಂದ್ರೆ ನಾನು ಎಲ್ಲಿಂದ ತರ್ಲಿ?” ನ್ಯಾಯವಾದ ಮಾತು. ಸಾಮಾನು ಬರುವುದೇ ಕೆಳಗಿನಿಂದ. ಅವರು ಏನು ಮಾಡುತ್ತಾರೋ ಅದನ್ನೇ ಹೇಳಿ. ಅನ್ನ, ಸಾರು, ಪಲ್ಯ, ಮೊಟ್ಟೆ. ಪನೀರ್ ಬಟರ್ ಮಸಾಲ ಬೆಂಗಳೂರಿನಲ್ಲಿ ತಿನ್ನಬಹುದು.

ಆಮೇಲೆ ಹಾಸಿಗೆ ಮುಟ್ಟಿ ನೋಡಿ. ತೇವ ಅನ್ನಿಸಿದರೆ ಹೊದಿಕೆ ಬದಲಿಸಿಕೊಡಿ ಅಂತ ಹಗಲಲ್ಲೇ ಕೇಳಿ, ಇನ್ನೊಂದು ಕಂಬಳಿಯನ್ನೂ ಇಸಿದುಕೊಳ್ಳಿ. ಕಿಟಕಿಯ ಚಿಲಕ ಸರಿಯಿದೆಯಾ ನೋಡಿ. ಮಂಗಗಳು ನಿಮಗಿಂತ ಮೊದಲೇ ನೋಡಿರುತ್ತವೆ.

ಐದೂವರೆಗೆ ಹೊರಗೆ ಬನ್ನಿ. ರಾಜಭವನದ ಹತ್ತಿರದಿಂದ ಸುತ್ತಲಿನ ಗುಡ್ಡ ಚೆನ್ನಾಗಿ ಕಾಣುತ್ತದೆ. ಡಿಸೆಂಬರ್‌ನಲ್ಲಿ 6 ಗಂಟೆ ಕಳೆದು ಸ್ವಲ್ಪ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತದೆ. ಮುಳುಗಿದ ಕೂಡಲೇ ಎಲ್ಲರೂ ಎದ್ದು ಗಾಡಿ ಹತ್ತುತ್ತಾರೆ. ನೀವು ಏಳಬೇಡಿ. ಆಮೇಲಿನ ಅರ್ಧ ಗಂಟೆಗೇ ನೀವು ರೂಮ್ ತೆಗೆದುಕೊಂಡಿರುವುದು. ಕೆಳಗೆ ಘಾಟಿಯಲ್ಲಿ ಗಾಡಿಗಳ ಕೆಂಪು ದೀಪ ಒಂದೊಂದೇ ತಿರುವಿನಲ್ಲಿ ಕಾಣಿಸಿ ಮರೆಯಾಗುತ್ತದೆ. ಹಾರ್ನ್ ಸದ್ದು ಕಡಿಮೆಯಾಗುತ್ತಾ ಹೋಗಿ ನಿಲ್ಲುತ್ತದೆ. ಆಗ ಗಾಳಿ ಹುಲ್ಲಿನಲ್ಲಿ ಆಡುವುದು ಕೇಳಿಸುತ್ತದೆ. ಅದು ಹಗಲೆಲ್ಲ ಇದ್ದ ಸದ್ದೇ. ದೂರ ಬಯಲಿನ ಕಡೆ ಊರುಗಳ ದೀಪ ಹತ್ತಿಕೊಳ್ಳುತ್ತವೆ. ಯಾವುದು ತರೀಕೆರೆ, ಯಾವುದು ಬೀರೂರು ಅಂತ ಜಗಳ ಮಾಡುವುದಕ್ಕೆ ಒಳ್ಳೆಯ ಸಮಯ.

ಕತ್ತಲಾದ ಮೇಲೆ ತೋಟ ಬಿಟ್ಟು ಹೊರಗೆ ಅಲೆಯಬೇಡಿ. ಭದ್ರಾ ಅಭಯಾರಣ್ಯ ಪಕ್ಕದಲ್ಲೇ ಇದೆ, ಅದು ಹುಲಿಯ ಕಾಡು.

ರಾತ್ರಿಯ ಒಂದು ಎಚ್ಚರಿಕೆ, ಇದರಲ್ಲಿ ತಮಾಷೆಯಿಲ್ಲ. ಚಳಿ ಅಂತ ಇದ್ದಿಲಿನ ಒಲೆಯನ್ನು ಮುಚ್ಚಿದ ರೂಮಿನೊಳಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಕಿಂಡಿ ತೆರೆದಿಟ್ಟೇ ಸ್ನಾನ ಮಾಡಿ. ಬೆಚ್ಚಗಾಗಬೇಕು ಅಂದರೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಹೊದಿಕೆಯೊಳಗೆ ಕಾಲಿನ ಹತ್ತಿರ ಇಟ್ಟುಕೊಳ್ಳಿ.

ಮಲಗುವ ಮುಂಚೆ ಇನ್ನೊಂದು ಕೆಲಸ. ಅಡುಗೆಮನೆಗೆ ಹೋಗಿ ಫ್ಲಾಸ್ಕಿಗೆ ಕಾಫಿಯನ್ನೋ ಬಿಸಿನೀರನ್ನೋ ತುಂಬಿಸಿಕೊಳ್ಳಿ. ಬೆಳಗ್ಗೆ ನೀವು ಏಳುವಾಗ ಅಡುಗೆಮನೆ ಮಲಗಿರುತ್ತದೆ.

6. ಬೆಳಗಿನ ಹೊತ್ತು

ಜನವರಿಯಲ್ಲಿ ಸೂರ್ಯ ಹುಟ್ಟುವುದು 6.50ರ ಆಸುಪಾಸು, ಜೂನ್‌ನಲ್ಲಿ 6ರ ಸುಮಾರು. ಬೆಳಕು ಬರುವುದು ಅದಕ್ಕೂ ಅರ್ಧ ಗಂಟೆ ಮುಂಚೆ. ಬಣ್ಣ ಇರುವುದು ಆ ಅರ್ಧ ಗಂಟೆಯಲ್ಲೇ. ಅಲಾರಂ ಅದಕ್ಕೆ ತಕ್ಕ ಹಾಗೆ ಇಡಿ.

ಮೊದಲ ಬೆಳಗ್ಗೆ ದೂರ ಹೋಗಬೇಡಿ. ರೂಮಿನ ಎದುರಿನ ಕಟ್ಟೆಯ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂತುಬಿಡಿ. ಬರೀ ಮೋಡ ಇದ್ದರೂ ಒಳಗೆ ಓಡಬೇಡಿ. ಹತ್ತು ನಿಮಿಷಕ್ಕೊಮ್ಮೆ ಮೋಡ ಕಿತ್ತು ಕಿಂಡಿಯಾಗುತ್ತದೆ. ಕಿಂಡಿಯಲ್ಲಿ ಒಂದು ತುಂಡು ಹಸಿರು ಕಾಣಿಸಿ ಮುಚ್ಚಿಹೋಗುತ್ತದೆ.

ಎರಡನೆಯ ಬೆಳಗ್ಗೆ ಝಡ್ ಪಾಯಿಂಟ್ ಅನ್ನುವ ವ್ಯೂ ಪಾಯಿಂಟ್‌ಗೆ. ರಾಜಭವನದ ಕಡೆಯಿಂದ ಮುಕ್ಕಾಲು ಗಂಟೆಯ ನಡಿಗೆ. ದಾರಿಯಲ್ಲೇ ಶಾಂತಿ ಫಾಲ್ಸ್ ಸಿಗುತ್ತದೆ. ಕಾಲುದಾರಿ ಕಿರಿದು, ಒಂದು ಕಡೆ ಪ್ರಪಾತ. ಒದ್ದೆಯಿದ್ದಾಗ ಮಕ್ಕಳ ಕೈ ಬಿಡಬೇಡಿ. ತುದಿಯಲ್ಲಿ ಸೆಲ್ಫಿಗೆ ಅಂತ ಹಿಂದೆ ಹಿಂದೆ ಹೆಜ್ಜೆ ಇಡುವವರನ್ನು ನೋಡಿದರೆ ನನಗೆ ಹೊಟ್ಟೆ ತೊಳೆಸುತ್ತದೆ. ದಯವಿಟ್ಟು ಬೇಡ. ತಿರುವು ತಿರುವಿಗೂ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಕಪ್ಪಗೆ ಶೋಲಾ ಕಾಡು, ಅಂದರೆ ಗುಡ್ಡಗಳ ಸಂದಿಯಲ್ಲಿ ದಟ್ಟವಾಗಿ ಬೆಳೆಯುವ ಗಿಡ್ಡ ಮರಗಳ ಕಾಡು. ನೀರು ಹುಟ್ಟುವುದು ಆ ಕಪ್ಪು ಮಡಿಲುಗಳಲ್ಲೇ.

ಹೆಬ್ಬೆ ಫಾಲ್ಸ್‌ಗೆ ಮಧ್ಯಾಹ್ನದ ಹೊತ್ತು ಸಾಕು. ಸ್ವಂತ ಕಾರು ಅಲ್ಲಿಗೆ ಹೋಗುವುದಿಲ್ಲ. ಕಾಫಿ ತೋಟದ ಕಲ್ಲುದಾರಿಯಲ್ಲಿ ಜೀಪಿನಲ್ಲಿ ಕುಲುಕಾಡಿಕೊಂಡು ಹೋಗಿ, ಕೊನೆಗೆ ಹಳ್ಳ ದಾಟಿ ನಡೆಯಬೇಕು. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಅಂತ ಎರಡು ಹಂತ, ಒಟ್ಟು ಎತ್ತರ ಸುಮಾರು 168 ಮೀಟರ್. ಬೆನ್ನುನೋವಿನವರು ಜೀಪು ಹತ್ತುವ ಮುಂಚೆ ಎರಡು ಸಲ ಯೋಚಿಸಿ.

7. ಇಂಬಳದ ಜೊತೆ ಬಾಳುವುದು

ಮಳೆಗಾಲದಲ್ಲಿ, ಮಳೆ ನಿಂತ ಒಂದೆರಡು ತಿಂಗಳ ತನಕವೂ, ಇಂಬಳ, ಅಂದರೆ ರಕ್ತ ಹೀರುವ ನೆಲದ ಜಿಗಣೆ, ಇದ್ದೇ ಇರುತ್ತದೆ. ಕಡ್ಡಿಯಷ್ಟು ತೆಳ್ಳಗೆ ಎಲೆಯ ತುದಿಯಲ್ಲಿ ನಿಂತು ತಲೆ ಆಡಿಸುತ್ತಿರುತ್ತದೆ. ನಿಮ್ಮ ಕಾಲಿಗೆ ಬಂದದ್ದು ಗೊತ್ತಾಗುವುದಿಲ್ಲ. ದುಂಡಗಾಗಿ ಉದುರಿದ ಮೇಲೆ ರಕ್ತ ನೋಡಿದಾಗಲೇ ಗೊತ್ತಾಗುವುದು.

ಪ್ಯಾಂಟಿನ ಕೆಳತುದಿಯನ್ನು ಸಾಕ್ಸಿನೊಳಗೆ ಸಿಕ್ಕಿಸಿ. ಊರಿನವರು ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡಿರುತ್ತಾರೆ. ಅದನ್ನು ಮುಟ್ಟಿಸಿದರೆ ಬಿಟ್ಟುಬೀಳುತ್ತದೆ. ಕಚ್ಚಿಕೊಂಡಿದ್ದರೆ ಗಾಬರಿಯಿಂದ ಎಳೆಯಬೇಡಿ. ತೆಳು ತುದಿಯ ಹತ್ತಿರ ಚರ್ಮಕ್ಕೆ ಒತ್ತಿ ಉಗುರಿನಿಂದ ಪಕ್ಕಕ್ಕೆ ಜಾರಿಸಿ. ರಕ್ತ ಬೇಗ ನಿಲ್ಲುವುದಿಲ್ಲ. ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುತ್ತದೆ. ಸೋಪು ಹಾಕಿ ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ. ರೂಮಿಗೆ ಬಂದವರು ಮಂಚ ಹತ್ತುವ ಮುಂಚೆ ಬೆರಳ ಸಂದಿಯನ್ನೂ ನೋಡಿಕೊಳ್ಳಿ. ನಮ್ಮನೆಯವಳು ಒಮ್ಮೆ ಬಿಳಿ ಹೊದಿಕೆ ಎತ್ತಿ ನೋಡಿ ಕಿರುಚಿದ್ದು ಪಕ್ಕದ ಮೂರು ರೂಮಿಗೆ ಕೇಳಿಸಿತ್ತು.

8. ಇಳಿಯುವ ದಿನ

ತಿಂಡಿ ಆದ ಮೇಲೆ, ಎದುರು ಗಾಡಿ ಜಾಸ್ತಿಯಾಗುವ ಮುಂಚೆ ಹೊರಡಿ. ನಿಮ್ಮ ಕಸ ನಿಮ್ಮ ಡಿಕ್ಕಿಯಲ್ಲೇ ಇಳಿಯಲಿ. ಮೇಲೆ ಬಿಟ್ಟರೆ ಮಂಗಗಳು ಹಂಚುತ್ತವೆ.

ಗೇರಿನ ಲೆಕ್ಕ ಸುಲಭ. ಯಾವ ಗೇರಿನಲ್ಲಿ ಹತ್ತಿದಿರೋ ಅದರಲ್ಲೇ ಇಳಿಯಿರಿ. ಎರಡನೇ ಗೇರಿನಲ್ಲಿ ಎಂಜಿನ್ ತಡೆಯುತ್ತದೆ, ಬ್ರೇಕ್ ಬರೀ ತಿರುವಿಗೆ ಮಾತ್ರ. ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಬುದ್ಧಿ ಬೇಡವೇ ಬೇಡ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಬ್ರೇಕ್ ತಣಿಯುವ ತನಕ ಕೂತಿರಿ.

ಕಲ್ಲತ್ತಿಗಿರಿಯಲ್ಲಿ ಅರ್ಧ ಗಂಟೆ ನಿಲ್ಲಿ. ವೀರಭದ್ರಸ್ವಾಮಿ ದೇವಸ್ಥಾನದ ಹತ್ತಿರವೇ ನೀರು ಬಂಡೆಯ ಮೇಲಿಂದ ಇಳಿಯುತ್ತದೆ. ಕಾಲಿನ ಕೆಂಪು ಮಣ್ಣು ತೊಳೆದುಕೊಳ್ಳಬಹುದು, ಬಂಡೆ ಜಾರುತ್ತದೆ ಅನ್ನುವುದು ನೆನಪಿದ್ದರೆ ಸಾಕು.

ಲಿಂಗದಹಳ್ಳಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಸೀಟಿನ ಕೆಳಗೆ ಹುಡುಕಿ. ಮೇಲೆ ಕುಡಿದು ಮುಚ್ಚಳ ಬಿಗಿದಿಟ್ಟ ಪ್ಲಾಸ್ಟಿಕ್ ಬಾಟಲಿ ಯಾರೋ ಹಿಂಡಿದ ಹಾಗೆ ಪಕ್ಕೆ ಒಳಗೆ ಹೋಗಿ ಬಿದ್ದಿರುತ್ತದೆ. ಮುಚ್ಚಳ ತಿರುಗಿಸುವ ಕೆಲಸವನ್ನು ಮಕ್ಕಳಿಗೆ ಬಿಡಿ. ಟಪ್ ಅಂತ ಸದ್ದಾಗುತ್ತದೆ. ಕೆಳಗಿನ ಗಾಳಿ ಒಳಗೆ ಹೋಯಿತು ಅಂತ.